ಅಳಿಸಿದ ಕಲ್ಲು

ಬಿಲ್ವಪುರಿಯ ಮೂಡಣ ಹೆಬ್ಬಾಗಿಲು ಅಂದು ಬೆಳಗ್ಗೆ ತೋರಣದಿಂದಲ್ಲ, ತಲೆಗಳಿಂದ ಸಿಂಗಾರಗೊಂಡಿತ್ತು. ಕರಿಗಲ್ಲಿನ ಕೋಟೆಯ ತೆನೆಗಳ ಮೇಲೆ ಮುಂಚೆಯೇ ಬಂದ ಪಡೆ ಸಾಲಾಗಿ ನೆಟ್ಟ ಈಟಿಗಳ ತುದಿಯಲ್ಲಿ ಅಗಳಿಯೆಂಬ ಊರಿನ ಗಂಡಸರ ಮುಖಗಳು ಎಳೆಬಿಸಿಲಿಗೆ ಅರೆಗಣ್ಣು ತೆರೆದು ನಿಂತಿದ್ದವು. ಅವುಗಳ ಮೇಲೆ ಹದ್ದುಗಳು ಅವಸರವಿಲ್ಲದೆ ಸುತ್ತುತ್ತಿದ್ದವು. ಕೆಳಗೆ ಹಿರಿಯ ಕೆರೆಯಲ್ಲಿ ಮಾವುತರು ಯುದ್ಧದಾನೆಗಳ ಕಾಲು ತೊಳೆಯುತ್ತಿದ್ದರು. ನೀರು ಕೆಂಪಾಗಿ ಮೆಟ್ಟಿಲಿಗೆ ಬಂದು ತಾಗುತ್ತಿತ್ತು, ನೀರಿಗೆಂದು ಬಂದ ಹೆಂಗಸರು ಬರಿಗೊಡ ಹೊತ್ತು ಹಿಂದಿರುಗುತ್ತಿದ್ದರು. ಪೇಟೆಯಲ್ಲಿ ಮಾತ್ರ ವೀಳ್ಯದ ಅಂಗಡಿಯೂ ಬಳೆಯ ಅಂಗಡಿಯೂ ಎಂದಿನಂತೆ ತೆರೆದಿದ್ದವು. ರಾಜಧಾನಿಯ ಜನರ ಹೊಟ್ಟೆ ಗಟ್ಟಿ. ಊರು ಸುಟ್ಟ ಹೊಗೆಯಲ್ಲೂ ಅವರು ಒಗ್ಗರಣೆಯ ವಾಸನೆ ಹಿಡಿಯಬಲ್ಲವರು.

ಸೇನೆಯ ಮುಂದೆ ದಂಡನಾಯಕ ಸಾತಯ್ಯ ಕುದುರೆಯ ಮೇಲೆ ಬರುತ್ತಿದ್ದ. ಗಡ್ಡ ನರೆತಿದ್ದರೂ ಬೆನ್ನು ಬಾಗದ ಆಳು. ಅರಸ ಕಂದರಸನಿಗೂ ಅವನ ಮಲತಮ್ಮ ಮಾರಸಿಂಗನಿಗೂ ಕತ್ತಿ ಹಿಡಿಯಲು ಕಲಿಸಿದ ಗುರು ಅವನೇ. ಹೆಬ್ಬಾಗಿಲು ದಾಟುವಾಗ ಅವನು ತಲೆಯೆತ್ತಿ ನೋಡಲಿಲ್ಲ. ಮೇಲಿದ್ದ ತಲೆಗಳನ್ನು ಕಡಿಸಿದವನು ತಾನೇ ಆಗಿರುವಾಗ ನೋಡುವುದಕ್ಕೆ ಏನಿದೆ? ಅವನ ಹಿಂದೆ ಅಗಳಿಯ ಹೆಂಗಸರನ್ನೂ ಮಕ್ಕಳನ್ನೂ ಒಂದೇ ಹಗ್ಗದಲ್ಲಿ ಕೋದು ಎಳೆದು ತರುತ್ತಿದ್ದರು. ಹಗ್ಗದ ಮೊದಲ ಕೊರಳು ಜಕ್ಕವ್ವೆಯದು, ಅಗಳಿಯ ಊರೊಡೆಯ ಬೀರಗಾವುಂಡನ ಹೆಂಡತಿ. ಗಾವುಂಡ ತನ್ನ ಹೊಸ್ತಿಲಲ್ಲಿ ಬರಿಗೈಯಲ್ಲಿ ನಿಂತು, ನಮ್ಮ ಮನೆಯಲ್ಲಿ ಯಾವ ಅರಸುಮಗನೂ ಅಡಗಿಲ್ಲ, ಒಳಗೆ ಬಂದು ನೋಡಿ ಎಂದಿದ್ದ. ಸಾತಯ್ಯ ನೋಡುವ ಮೊದಲೇ ಕಡಿದಿದ್ದ. ಕಡಿದ ಮೇಲೆ ಒಳಗೆ ಹೋಗಿ ನೋಡಿದರೆ ಬೀಸುಗಲ್ಲೂ ಬರಿದಾದ ತೊಟ್ಟಿಲೂ ಬಿಟ್ಟು ಬೇರೇನೂ ಇರಲಿಲ್ಲ.

ಕಡಿಯಲು ಅವನಿಗೆ ಅಪ್ಪಣೆಯಿತ್ತು. ಬಿಲ್ವಪುರಿಯಲ್ಲಿ ಅರಸನ ಮಾತು ಗಾಳಿಯಲ್ಲಿ ನಿಲ್ಲುತ್ತಿರಲಿಲ್ಲ. ಅರಮನೆಯ ಮುಂದಿನ ಬಯಲಿನಲ್ಲಿ ಆಳೆತ್ತರದ ಆಜ್ಞೆಗಲ್ಲುಗಳು ಸಾಲುಗಟ್ಟಿದ್ದವು, ಕಲ್ಲಿಗೆ ಏರಿದ ಮಾತೇ ಆಜ್ಞೆ. ಕೊನೆಯ ಕಲ್ಲು ಇನ್ನೂ ಹೊಸದು. ತಲೆತಪ್ಪಿಸಿಕೊಂಡ ಮಾರಸಿಂಗ ಅಣ್ಣನ ಮೇಲೆ ದಂಡೆತ್ತಲು ಹೊಂಚು ಹಾಕುತ್ತಿದ್ದಾನೆ, ಅಗಳಿಯವರು ಅವನಿಗೆ ಆಶ್ರಯ ಕೊಟ್ಟ ದ್ರೋಹಿಗಳು, ಅಲ್ಲಿನ ಗಂಡಸರಿಗೆ ಕತ್ತಿ, ಹೆಂಗಸರು ಮಕ್ಕಳಿಗೆ ತೊತ್ತುತನ, ಹೊಲಮನೆ ಅರಸನಿಗೆ ಎಂದು ಅದರಲ್ಲಿ ಕೆತ್ತಿತ್ತು. ಈ ಮಾತುಗಳನ್ನು ಅರಸನ ಕಿವಿಯಲ್ಲಿ ಊದಿದವನು ಮಹಾಪ್ರಧಾನ ನಾಕಿಮಯ್ಯ. ಅವನ ಸೋದರಳಿಯ ಕಲಿದೇವನಿಗೆ ಅಗಳಿಯ ಘಟ್ಟದ ಒಡೆತನ ಬೇಕಾಗಿತ್ತು, ಅಗಳಿಯವರು ಅವನನ್ನು ಒಲ್ಲೆವೆಂದಿದ್ದರು.

ಇಂಥ ಆಜ್ಞೆಯನ್ನು ಕಲ್ಲಿಗೆ ಏರಿಸುವುದು ಸುಲಭ, ಇಳಿಸುವುದು ಕಷ್ಟ. ಈ ಕಾಲದ ನಾವು ಎಲ್ಲದಕ್ಕೂ ‘ರದ್ದು’ ಎಂದು ಒಂದೇ ಮಾತಿನಲ್ಲಿ ಕೈ ತೊಳೆದುಕೊಳ್ಳುತ್ತೇವೆ. ಬಿಲ್ವಪುರಿಯವರು ಅಷ್ಟು ಸೋಮಾರಿಗಳಾಗಿರಲಿಲ್ಲ. ಆಜ್ಞೆಯನ್ನು ‘ತಡೆದರು’ ಎಂದರೆ ಕಲ್ಲಿಗೆ ಸುಣ್ಣ ಬಳಿದರು ಎಂದು ಅರ್ಥ: ಆಜ್ಞೆ ಮಲಗಿದೆ, ಅರಸನ ಮನಸ್ಸು ತಿರುಗಿದರೆ ತೊಳೆದು ಎಬ್ಬಿಸಬಹುದು. ‘ಹಿಂತೆಗೆದರು’ ಎಂದರೆ ಅಕ್ಷರಗಳ ಮೇಲೆ ಅಡ್ಡಗೆರೆ ಕೊರೆದರು: ಇಂದಿನಿಂದ ಆಜ್ಞೆ ಇಲ್ಲ, ಆದರೆ ನಿನ್ನೆಯವರೆಗೆ ಇತ್ತು, ನಿನ್ನೆ ಅದರ ಹೆಸರಿನಲ್ಲಿ ಬಿದ್ದ ತಲೆ ನ್ಯಾಯವಾಗಿಯೇ ಬಿದ್ದ ತಲೆ. ಇನ್ನು ‘ಅಳಿಸುವುದು’ ಬೇರೆಯೇ ಮಾತು. ಅಕ್ಷರಗಳನ್ನು ಬುಡಮಟ್ಟ ಕೆತ್ತಿ ಕಲ್ಲನ್ನು ನುಣ್ಣಗೆ ಮಾಡಿದರೆ ಆ ಆಜ್ಞೆ ಎಂದೂ ಹುಟ್ಟಿಯೇ ಇರಲಿಲ್ಲವೆಂದಾಗುತ್ತದೆ. ಹುಟ್ಟದ ಆಜ್ಞೆಯ ಹೆಸರಿನಲ್ಲಿ ಕೊಂದವನು ಬರಿಯ ಕೊಲೆಗಾರ. ಅದನ್ನು ಹೇಳಿಕೊಟ್ಟ ನಾಲಿಗೆಗೂ ಮುಂದೆ ನಿಂತು ನಡೆಸಿದ ಕೈಗೂ ಮರಣ. ಕೆಳಗಿನ ಆಳುಗಳ ಪಾಪವೂ ಅವರ ನಾಯಕನ ತಲೆಗೇ.

ಅಳಿಸಿರೆಂದು ಕೇಳುವ ಹಕ್ಕು ಆಜ್ಞೆಯನ್ನು ನಡೆಸಿದವನಿಗೆ ಮಾತ್ರ ಇತ್ತು. ಯಾವ ಬದಲಾವಣೆಗಾದರೂ ಮೊದಲು ಅರಸನ ಅಪ್ಪಣೆಯಿಂದ ಕಲ್ಲಿನ ಮುಂದೆ ನಗಾರಿ ಬಾರಿಸಿ, ಹಾಲೆರೆದು, ಕಲ್ಲನ್ನು ‘ತೆರೆಯ’ಬೇಕು; ಆ ಹೊತ್ತಿನಲ್ಲಿ ಅವನು ಕೇಳಿ ಮೊದಲ ಏಟು ಹಾಕಿದನೆಂದರೆ ಅರಸನೂ ಅಡ್ಡ ಬರುವಂತಿರಲಿಲ್ಲ. ಆದರೆ ತನ್ನ ಕುತ್ತಿಗೆಯನ್ನು ತಾನೇ ಬಯಲಿಗಿಡುವ ಹುಂಬ ಎಲ್ಲಿರುತ್ತಾನೆ? ಅದಕ್ಕೇ ನಗಾರಿಯ ಪಕ್ಕ ಅಳಿಸುವುದಕ್ಕೆಂದೇ ತೂಗುಹಾಕಿದ್ದ ಅಗಲಬಾಯಿಯ ಚಾಣ ಮುತ್ತಜ್ಜಂದಿರ ಕಾಲದಿಂದ ತುಕ್ಕು ಹಿಡಿದಿತ್ತು, ಅದರ ಹಿಡಿಯಲ್ಲಿ ಜೇಡ ಮನೆ ಕಟ್ಟಿತ್ತು.

ಸೇನೆ ಕೆರೆಯ ದಂಡೆಯಲ್ಲಿ ಚದುರಿ ಮೈ ತೊಳೆಯುತ್ತಿದ್ದಾಗ ಸಾತಯ್ಯನ ಕಣ್ಣಿಗೆ ಒಂದು ಕಡಗ ಬಿತ್ತು. ಕಲಿದೇವನ ಬಂಟ ಬೂತುಗನೆಂಬವನು ತೋಳೆತ್ತಿ ನೀರು ಸುರಿದುಕೊಳ್ಳುವಾಗ ಬಟ್ಟೆಯೊಳಗಿಂದ ಜಾರಿ ಹೊರಬಂದ ಸಿಂಹಮುಖದ ಚಿನ್ನದ ಕಡಗ ಅದು. ಮಾರಸಿಂಗ ಮೊದಲ ಸಲ ಗುರಿಗೆ ಬಾಣ ಹೊಡೆದ ದಿನ ಸಾತಯ್ಯ ತಾನೇ ಅವನ ಕೈಗೆ ತೊಡಿಸಿದ್ದು. ದಂಡನಾಯಕ ನೀರಿಗೆ ಇಳಿದು ಬೂತುಗನ ಜುಟ್ಟು ಹಿಡಿದು ಆ ಕೆಂಪು ನೀರಿನಲ್ಲಿ ಅವನ ಮುಖವನ್ನು ಅದ್ದಿದ. ಎತ್ತಿ, ಎಲ್ಲಿಂದ ಬಂತು ಎಂದು ಕೇಳಿದ. ಗೆದ್ದದ್ದು ಎಂದ ಬೂತುಗ. ಮತ್ತೆ ಅದ್ದಿ, ಕೈಕಾಲು ಬಡಿಯುವುದು ನಿಲ್ಲುವವರೆಗೆ ಹಿಡಿದು, ಮತ್ತೆ ಎತ್ತಿದ. ಆಗ ಬೂತುಗ ಕಕ್ಕಿದ ನೀರಿನ ಜೊತೆ ನಿಜವೂ ಬಂತು.

ಮಾರಸಿಂಗ ಎಲ್ಲಿಗೂ ಓಡಿಹೋಗಿರಲಿಲ್ಲ. ಅಗಳಿಯ ಮೇಲೆ ದ್ರೋಹ ಹೊರಿಸಲು ಕಾಣೆಯಾದ ಅರಸುಮಗನೊಬ್ಬ ಬೇಕಾಗಿದ್ದ. ಮಹಾಪ್ರಧಾನರ ಆನೆಲಾಯಕ್ಕೆ ಹೊಸ ಮರಿಯಾನೆ ನೋಡಬನ್ನಿರೆಂದು ಕರೆಸಿ, ಕಲಿದೇವನೂ ಬೂತುಗನೂ ಸೇರಿ ಅವನ ಕತ್ತು ಕೊಯ್ದು ಲಾಯದ ನೆಲದಲ್ಲೇ ಹೂತಿದ್ದರು. ಅಗಳಿಯ ಕಲ್ಲಿಗೆ ಮೊದಲ ಅಕ್ಷರ ಬೀಳುವ ಹೊತ್ತಿಗೆ ಅವನ ಮೈ ಮಣ್ಣಾಗತೊಡಗಿತ್ತು. ಸತ್ತವನಿಗೆ ಆಶ್ರಯ ಕೊಟ್ಟರೆಂಬ ತಪ್ಪಿಗೆ ಒಂದು ಊರೇ ಸತ್ತಿತ್ತು. ಸಾತಯ್ಯ ಬೂತುಗನ ಜುಟ್ಟನ್ನು ಬಿಡಲಿಲ್ಲ. ಆ ನೀರಿನಲ್ಲಿ ಕುಳಿತೇಬಿಟ್ಟ.

ಅವನು ನೆನೆದ ಬಟ್ಟೆಯಲ್ಲೇ ಅರಮನೆಗೆ ಹೋಗಿ ಅರಸನಿಗೆ ಎಲ್ಲವನ್ನೂ ಹೇಳಿದ. ಲಾಯ ಅಗೆಸಿದರು, ಎಲುಬು ಸಿಕ್ಕಿತು. ಕಂದರಸ ಚಿಕ್ಕ ವಯಸ್ಸಿನ ಅರಸ, ಕೆಟ್ಟವನಲ್ಲ. ಕೇಳಿದ್ದನ್ನು ನಂಬುವುದೇ ಅವನ ರೋಗ. ತಮ್ಮನ ತಲೆಬುರುಡೆಯನ್ನು ಮಡಿಲಲ್ಲಿಟ್ಟುಕೊಂಡು ಮಗುವಿನಂತೆ ಅತ್ತ. ಆದರೆ ನಾಕಿಮಯ್ಯ ಅರಮನೆಯಲ್ಲಿ ಗಡ್ಡ ಬೆಳ್ಳಗೆ ಮಾಡಿಕೊಂಡವನು. ಇದು ಬೂತುಗನೊಬ್ಬನ ದುಷ್ಕೃತ್ಯವೆಂದು ಅರಸನಿಗಿಂತ ಜೋರಾಗಿ ಅತ್ತ; ಸಂಜೆಯೊಳಗೆ ಸೆರೆಮನೆಯಲ್ಲಿ ಬೂತುಗನ ಗಂಟಲು ಸೀಳಿತ್ತು, ಸಾಕ್ಷಿಯೂ ಮುಗಿದಿತ್ತು. ಮರುದಿನ ಒಡ್ಡೋಲಗದಲ್ಲಿ ಮಹಾಪ್ರಧಾನ ತಾನೇ ಎದ್ದು ನಿಂತು, ಮಹಾಪ್ರಭುಗಳು ಅಗಳಿಯ ಆಜ್ಞೆಯನ್ನು ಕೂಡಲೇ ಹಿಂತೆಗೆಯಬೇಕು, ಧರ್ಮಕ್ಕೆ ಚ್ಯುತಿ ಬರಬಾರದು ಎಂದು ಕೈಮುಗಿದ. ಸಭೆ ಭಲೇ ಎಂದಿತು. ಕಲ್ಲು ತೆರೆಯಲು ಹುಣ್ಣಿಮೆಯ ದಿನ ಗೊತ್ತಾಯಿತು. ಅಗಳಿಯ ತೊತ್ತುಗಳನ್ನು ಪೇಟೆಯಲ್ಲಿ ಹರಾಜು ಹಾಕುವುದೂ ಅದೇ ದಿನ, ಕಲ್ಲಿನ ಕೆಲಸ ಮುಗಿದ ಮೇಲೆ.

ಸಭೆ ಮುಗಿದು ಮೊಗಸಾಲೆಯಲ್ಲಿ ಇಬ್ಬರೇ ಆದಾಗ ನಾಕಿಮಯ್ಯ ದಂಡನಾಯಕನಿಗೆ ತನ್ನ ಕೈಯಿಂದಲೇ ವೀಳ್ಯ ಮಡಿಚಿ ಕೊಟ್ಟ.

“ಸಾತಯ್ಯನವರೇ, ನನ್ನ ಮೇಲೆ ನಿಮಗೆ ಸಿಟ್ಟಿದೆ, ಬಲ್ಲೆ. ಆದರೆ ನನ್ನ ನಾಲಿಗೆಯೂ ನಿಮ್ಮ ಕತ್ತಿಯೂ ಒಂದೇ ಕಲ್ಲಿನ ನೆರಳಿನಲ್ಲಿವೆ. ಅಡ್ಡಗೆರೆ ಬಿದ್ದರೆ ಇಬ್ಬರೂ ನೆಮ್ಮದಿಯಾಗಿ ಮುದುಕರಾಗಬಹುದು.”

“ಅಗಳಿಯವರು?” ಎಂದು ಕೇಳಿದ ಸಾತಯ್ಯ.

“ಆದದ್ದು ಆಗಿಹೋಯಿತು. ಹಿಂತೆಗೆದ ಆಜ್ಞೆ ಹಿಂದಕ್ಕೆ ನಡೆಯುವುದಿಲ್ಲವಲ್ಲ.”

ಸಾತಯ್ಯ ವೀಳ್ಯವನ್ನು ಬಾಯಿಗಿಡದೆ ಕೈಯಲ್ಲೇ ಹಿಡಿದುಕೊಂಡು ಹೊರಟ. ಅದನ್ನು ನೋಡಿಯೂ ನಾಕಿಮಯ್ಯ ಎಚ್ಚರಗೊಳ್ಳಲಿಲ್ಲ. ಜಗತ್ತಿನಲ್ಲಿ ಎಲ್ಲರಿಗೂ ತನ್ನಷ್ಟೇ ಪ್ರಾಣದಾಸೆ ಎಂದು ನಂಬಿದ್ದ ಆ ಬುದ್ಧಿವಂತ, ಅವಸರದಲ್ಲಿ ಕಲ್ಲನ್ನು ತಾನೇ ತೆರೆಸಿ, ಅದುವರೆಗೆ ಬಾಯಿಲ್ಲದಿದ್ದ ದಂಡನಾಯಕನಿಗೆ ಬಾಯಿ ಕೊಟ್ಟಿದ್ದ.

ಪ್ರಾಣದಾಸೆ ಸಾತಯ್ಯನಿಗೂ ಇತ್ತೆನ್ನಿ. ಅವನು ಮನೆಗೆ ಹೋಗಿ ಉಂಡ, ಕುದುರೆಗೆ ಹುಲ್ಲು ಹಾಕಿಸಿದ, ಅರಸನ ಆಜ್ಞೆ ನಡೆಸುವುದು ದಂಡನಾಯಕನ ಧರ್ಮ, ಸರಿತಪ್ಪು ನೋಡುವುದು ಅರಸನ ಧರ್ಮ ಎಂದು ತನಗೆ ತಾನೇ ಹೇಳಿಕೊಂಡ. ಬದುಕಿನುದ್ದಕ್ಕೂ ಹೇಳಿಕೊಂಡ ಮಾತು ಅದು, ಅಂದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಕೊನೆಗೆ ಹುಣ್ಣಿಮೆಯ ಹಿಂದಿನ ದಿನ ಮಧ್ಯಾಹ್ನ ಎದ್ದು, ದನದ ದೊಡ್ಡಿಯ ಪಕ್ಕದಲ್ಲಿ ಅಗಳಿಯವರನ್ನು ಕೂಡಿಹಾಕಿದ್ದ ಬೇಲಿಯ ಬಳಿಗೆ ನಡೆದ. ಕಾವಲಿನವನು ಸೊಂಟ ಬಗ್ಗಿಸಿ ದಾರಿ ಬಿಟ್ಟ. ಒಳಗೆ ಕೊರಳ ಹಗ್ಗದ ಗಾಯಕ್ಕೆ ನೊಣ ಮುತ್ತಿದ ಹೆಂಗಸರು ಅವನನ್ನು ಕಂಡು ಮಕ್ಕಳ ಬಾಯಿ ಮುಚ್ಚಿದರು. ಜಕ್ಕವ್ವೆ ಮಾತ್ರ ಕದಲಲಿಲ್ಲ.

ಮಾರಸಿಂಗ ಮೊದಲೇ ಸತ್ತಿದ್ದನೆಂದು ಅವನು ಅವಳಿಗೆ ಹೇಳಿದ. ನಾಳೆ ಅರಸರು ಆಜ್ಞೆಯನ್ನು ಹಿಂತೆಗೆಯುತ್ತಾರೆ ಎಂದೂ ಹೇಳಿದ. ಅವಳು ಕೇಳಿದ್ದು ಒಂದೇ: ಹಾಗಾದರೆ ಹಗ್ಗ ಬಿಚ್ಚುತ್ತಾರೋ? ಇಲ್ಲವೆಂದು ಅವನು ತಲೆಯಾಡಿಸಬೇಕಾಯಿತು.

“ಮತ್ತೆ ಯಾಕೆ ಬಂದೆ?” ಎಂದಳು ಜಕ್ಕವ್ವೆ. “ಹೊಸ್ತಿಲ ಮೇಲೆ ಬಿದ್ದಾಗ ನನ್ನ ಗಂಡನಿಗೆ ಇನ್ನೂ ಜೀವ ಇತ್ತು. ನೀರು ಕೇಳಿದ. ನೀನು ಅವನನ್ನ ದಾಟಿ ಒಳಗೆ ಹೋದೆ, ದಾಟಿ ಹೊರಗೆ ಬಂದೆ. ನನ್ನನ್ನು ಆ ಹೊತ್ತಿಗೆ ಕಂಬಕ್ಕೆ ಕಟ್ಟಿದ್ದರು. ನಿನ್ನ ಕತ್ತಿಗಿಂತ ಅದು ನನಗೆ ಹೆಚ್ಚು ಉರೀತದೆ.”

ಸಾತಯ್ಯ ಏನೋ ಹೇಳಹೋದ. ಅವಳು ಕೈಯೆತ್ತಿ ತಡೆದಳು.

“ನಿನ್ನ ಕಣ್ಣೀರು ನನಗೆ ಬೇಡ. ಈ ಮಕ್ಕಳು ದ್ರೋಹಿಗಳ ಮಕ್ಕಳು ಅನ್ನಿಸಿಕೊಂಡು ಮಾರಾಟ ಆಗಬಾರದು. ನಾವು ತಪ್ಪು ಮಾಡಿಲ್ಲ ಅಂತ ಆ ಕಲ್ಲೇ ಹೇಳಬೇಕು. ಹೇಳಿಸೋಕೆ ಆಗ್ತದಾ ನಿನ್ನ ಕೈಲಿ?”

ಆಗುತ್ತದೆ ಎಂದ ಸಾತಯ್ಯ. ಆಡಿಬಿಟ್ಟ ಮೇಲೆ ಅವನಿಗೇ ಅಚ್ಚರಿಯಾಯಿತು. ಹೊರಗೆ ಬಂದವನು ಬಟ್ಟಲಿನಲ್ಲಿ ನೀರು ತರಿಸಿ ಎಲ್ಲರಿಗೂ ಕೊಡಿಸಿದ. ಜಕ್ಕವ್ವೆ ಆ ನೀರನ್ನು ಮುಟ್ಟಲಿಲ್ಲ.

ಹುಣ್ಣಿಮೆಯ ದಿನ ಬಿಸಿಲೇರುವ ಹೊತ್ತಿಗೆ ಬಯಲು ತುಂಬಿತ್ತು. ಬೆಳ್ಗೊಡೆಯ ಕೆಳಗೆ ಕಂದರಸ, ಅವನ ಬಲಕ್ಕೆ ನಾಕಿಮಯ್ಯ, ಅವರ ಹಿಂದೆ ಕಲಿದೇವ ಮತ್ತು ಈಟಿ ಹಿಡಿದ ಅವನ ಬಂಟರು. ಒಂದು ಮೂಲೆಯಲ್ಲಿ ಹರಾಜಿಗೆಂದು ತಂದ ಅಗಳಿಯವರು ಹಗ್ಗದಲ್ಲೇ ನಿಂತಿದ್ದರು. ನಗಾರಿ ಮೊಳಗಿತು, ಪುರೋಹಿತರು ಕಲ್ಲಿಗೆ ಹಾಲೆರೆದರು. ಅಡ್ಡಗೆರೆ ಕೊರೆಯುವ ಕಲ್ಲುಕುಟಿಗ ಸಣ್ಣ ಚಾಣ ಹಿಡಿದು ಮುಂದೆ ಬಂದ. ಆಜ್ಞೆ ನಡೆಸಿದವರು ಏನಾದರೂ ಹೇಳುವುದಿದೆಯೇ ಎಂದು ಸಾರುವವನು ಪದ್ಧತಿಯಂತೆ ಕೂಗಿದ, ಉತ್ತರಕ್ಕೆ ಕಾಯದೆ ಮುಂದಿನ ಸಾಲಿಗೆ ಉಸಿರು ಎಳೆದುಕೊಂಡ.

“ಇದೆ,” ಎಂದ ಸಾತಯ್ಯ.

ಅವನು ನಗಾರಿಯ ಪಕ್ಕಕ್ಕೆ ನಡೆದು, ಜೇಡರ ಬಲೆಯನ್ನು ಬೆರಳಿನಿಂದ ಸರಿಸಿ, ತುಕ್ಕು ಹಿಡಿದ ಅಗಲಬಾಯಿಯ ಚಾಣವನ್ನೂ ಅದರ ಸುತ್ತಿಗೆಯನ್ನೂ ಇಳಿಸಿಕೊಂಡ. ಬಯಲಿನಲ್ಲಿ ಗುಜುಗುಜು ಎದ್ದಿತು. ಮುದುಕರಿಗೂ ಅದು ಏನೆಂದು ಅರ್ಥವಾಗಲು ಒಂದು ಗಳಿಗೆ ಹಿಡಿಯಿತು. ನಾಕಿಮಯ್ಯನಿಗೆ ಮಾತ್ರ ಕೂಡಲೇ ಅರ್ಥವಾಯಿತು. ವೀಳ್ಯದಿಂದ ಕೆಂಪಾಗಿದ್ದ ಅವನ ತುಟಿ ಬಿಳುಪೇರಿತು.

“ಮಹಾಪ್ರಭು, ಈ ಆಜ್ಞೆಯನ್ನು ನಡೆಸಿದವನು ನಾನು. ಇದನ್ನು ಹಿಂತೆಗೆಯಬೇಡಿ. ಅಳಿಸಬೇಕೆಂದು ಕೇಳುತ್ತಿದ್ದೇನೆ.”

ಕಂದರಸ ಪೀಠದಿಂದ ಎದ್ದೇಬಿಟ್ಟ. ಹಿಂತೆಗೆದರೆ ಸಾಲದೇ, ನಿಮ್ಮನ್ನು ಉಳಿಸಲೆಂದೇ ಅಲ್ಲವೇ ನಾನು ಒಪ್ಪಿದ್ದು ಎಂದು ಕೇಳಿದ.

“ಹಿಂತೆಗೆದರೆ ನಾನು ಉಳಿಯುತ್ತೇನೆ, ಅವರು ದ್ರೋಹಿಗಳಾಗಿಯೇ ಉಳಿಯುತ್ತಾರೆ. ನಿಮ್ಮ ಉಪ್ಪು ತಿಂದವನು ನಾನು. ನಿಮ್ಮ ಹೆಸರಿನಲ್ಲಿ ಈ ಸುಳ್ಳು ನಿಲ್ಲಬಾರದು.”

ಅವನು ಕಲ್ಲಿನತ್ತ ತಿರುಗುವಷ್ಟರಲ್ಲಿ ನಾಕಿಮಯ್ಯ, ದಂಡನಾಯಕನಿಗೆ ಬುದ್ಧಿ ಕೆಟ್ಟಿದೆ, ಹಿಡಿಯಿರಿ ಎಂದು ಅರಚಿದ. ಮೊದಲ ಏಟು ಬೀಳುವುದರೊಳಗೆ ಮುಗಿಸಬೇಕೆಂದು ಕಲಿದೇವನಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವನು ಬಂಟನೊಬ್ಬನ ಈಟಿ ಕಿತ್ತುಕೊಂಡು ಓಡಿಬಂದು ಅದನ್ನು ಎರಡೂ ಕೈಯಿಂದ ಸಾತಯ್ಯನ ಬೆನ್ನಿಗೆ ತಳ್ಳಿದ. ಪಕ್ಕೆಲುಬಿನ ಕೆಳಗೆ ಹೊಕ್ಕ ಮೊನೆ ಹೊಟ್ಟೆಯಲ್ಲಿ ಹೊರಗೆ ಬಂದು ಕಲ್ಲಿಗೆ ತಾಗಿ ಟಣ್ಣೆಂದಿತು. ಸಾತಯ್ಯ ಬೀಳಲಿಲ್ಲ. ಈಟಿ ಮೈಯಲ್ಲಿದ್ದಂತೆಯೇ ಚಾಣವನ್ನು ಮೊದಲ ಅಕ್ಷರಕ್ಕೆ ಆನಿಸಿ ಸುತ್ತಿಗೆ ಬೀಸಿದ. ಕಲ್ಲಿನ ಚಕ್ಕೆ ಹಾರಿತು. ಮೊದಲ ಏಟು ಬಿದ್ದಿತ್ತು.

ಈಟಿಯನ್ನು ಕಿತ್ತು ಮತ್ತೆ ಇರಿಯಲು ಕಲಿದೇವ ಬಲವಾಗಿ ಎಳೆದ. ಆ ಎಳೆತಕ್ಕೇ ಸಾತಯ್ಯ ಹಿಂದಕ್ಕೆ ತಿರುಗಿ, ಕಲ್ಲು ಒಡೆದ ಸುತ್ತಿಗೆಯನ್ನು ಅವನ ಹಣೆಗೆ ಇಳಿಸಿದ. ಕಲಿದೇವನ ತಲೆ ಮಡಕೆಯಂತೆ ಬಿರಿಯಿತು, ಅವನು ಎರೆದ ಹಾಲಿನ ಕೆಸರಿನಲ್ಲಿ ಬಿದ್ದು ಕಾಲು ಒದರಿದ. ಬಂಟರು ಈಟಿ ಎತ್ತಿ ನುಗ್ಗಿದರು. ಆಗ ಬಯಲಿನ ಅಂಚಿನಿಂದ, ಯಾರ ಅಪ್ಪಣೆಯೂ ಇಲ್ಲದೆ, ಅಗಳಿಯಿಂದ ಬಂದಾಗಿನಿಂದ ಊಟ ಸೇರದೆ ಒದ್ದಾಡುತ್ತಿದ್ದ ಸಾತಯ್ಯನ ಯೋಧರು ಗುರಾಣಿ ಹಿಡಿದು ಓಡಿಬಂದು ಕಲ್ಲಿನ ಸುತ್ತ ನಿಂತರು. ಕತ್ತಿಗೆ ಈಟಿ ತಾಗಿತು, ಬೆರಳುಗಳು ಉದುರಿದವು, ಕರುಳು ಹಿಡಿದುಕೊಂಡು ಒಬ್ಬ ನಗಾರಿಯ ಮೇಲೆ ಒರಗಿದ್ದರಿಂದ ಅದು ತಾನೇ ಒಮ್ಮೆ ಮೊಳಗಿತು. ಗುರಾಣಿಗಳ ನಡುವೆ ಸಾತಯ್ಯ ಒಂದು ಕೈಯಿಂದ ಹೊಟ್ಟೆ ಒತ್ತಿಕೊಂಡು ಕುಳಿತ. ಕಲ್ಲುಕುಟಿಗ ತನ್ನ ಸಣ್ಣ ಚಾಣ ಎಸೆದು, ಅಗಲಬಾಯಿಯದನ್ನು ಅವನ ಕೈಯಿಂದ ತೆಗೆದುಕೊಂಡು ಅಕ್ಷರಗಳನ್ನು ಒಂದೊಂದಾಗಿ ಕೆತ್ತತೊಡಗಿದ.

ಬಂಟರಲ್ಲಿ ಹಲವರು ಸತ್ತರು, ಉಳಿದವರು ಆಯುಧ ಕೆಳಗಿಟ್ಟರು. ಓಡಲೆತ್ನಿಸಿದ ನಾಕಿಮಯ್ಯನನ್ನು ವೀಳ್ಯದ ಅಂಗಡಿಯವನೇ ಕಾಲು ಕೊಟ್ಟು ಕೆಡವಿದ. ಕೊನೆಯ ಅಕ್ಷರ ಹೋಗಿ ಕಲ್ಲು ನುಣ್ಣಗಾದಾಗ ಕಂದರಸ ತಾನೇ ಕೈಯೆತ್ತಿ ತನ್ನ ಬೆಳ್ಗೊಡೆಯನ್ನು ಮಡಚಿದ. ಅಳಿಸಿದ ಆಜ್ಞೆಗೆ ಮುದ್ರೆಯೊತ್ತಿದ ಅರಸ ಒಂದು ವರ್ಷ ಬಿಸಿಲಿನಲ್ಲಿ ನಡೆಯಬೇಕೆಂಬುದು ಅಲ್ಲಿನ ಕಟ್ಟಳೆ. ಬಳಿಕ ಗುರುವಿನ ಪಕ್ಕದಲ್ಲಿ ಮಣ್ಣಿನಲ್ಲೇ ಮಂಡಿಯೂರಿ, ವೈದ್ಯರನ್ನು ಕರೆತನ್ನಿ ಎಂದ.

“ವೈದ್ಯ ಬೇಡ,” ಎಂದ ಸಾತಯ್ಯ. ದನಿ ಸಣ್ಣದಾಗಿತ್ತು. “ಈ ಗಾಯದಿಂದ ಸತ್ತರೆ ನಾಳೆ ನನಗೊಂದು ವೀರಗಲ್ಲು ನಿಲ್ಲಿಸುತ್ತಾರೆ. ಅಗಳಿಯ ಗಂಡಸರಿಗೆ ಇಲ್ಲದ ಕಲ್ಲು ನನಗೇಕೆ? ಆಜ್ಞೆ ಇರಲೇ ಇಲ್ಲ, ನಾನು ಕೊಲೆಗಾರ. ಜೀವ ಇರುವಾಗಲೇ ತೀರ್ಪು ಹೇಳು ಮಗೂ, ತಡಮಾಡಬೇಡ.”

ಅರಸನನ್ನು ಆ ಬಯಲಿನಲ್ಲಿ ಮಗೂ ಎಂದು ಕರೆದವರು ಅದಕ್ಕೆ ಮೊದಲೂ ಇಲ್ಲ, ಆಮೇಲೂ ಇಲ್ಲ. ಕಂದರಸ ಕಣ್ಣೀರು ಒರೆಸದೆ ಎದ್ದು ನಿಂತು, ಎಲ್ಲರಿಗೂ ಕೇಳುವಂತೆ ಹೇಳಿದ: ಅಗಳಿಯವರು ದ್ರೋಹಿಗಳಲ್ಲ, ಎಂದೂ ಆಗಿರಲಿಲ್ಲ, ಅವರ ಹಗ್ಗ ಬಿಚ್ಚಿ, ಹೊಲಮನೆ ಅವರದೇ, ನಾಕಿಮಯ್ಯನೂ ಸಾತಯ್ಯನೂ ಕೊಲೆಗಾರರು, ಇಬ್ಬರಿಗೂ ಮರಣ. ಕೊನೆಯ ಮಾತಿಗೆ ದನಿ ಒಡೆಯಿತು, ಆದರೆ ಮಾತು ಒಡೆಯಲಿಲ್ಲ. ಸಾತಯ್ಯ ಸಮಾಧಾನದಿಂದ ತಲೆಯಾಡಿಸಿದ, ತಾನು ಕಲಿಸಿದ ಕತ್ತಿಯ ವರಸೆ ಶಿಷ್ಯನಿಗೆ ಕೊನೆಗೂ ಬಂತೆನ್ನುವ ಹಾಗೆ.

ಕೊಲೆಯಾಳು ಕತ್ತಿ ತರುವಷ್ಟರಲ್ಲಿ ಸಾತಯ್ಯನ ತುಟಿ ಒಣಗಿ ಅಂಟಿಕೊಂಡಿತ್ತು. ನೀರು ಎಂದ. ಸುತ್ತಲಿನ ಯೋಧರು ತಂಬಿಗೆಗೆ ತಡಕಾಡಿದರು. ಅವರ ನಡುವಿನಿಂದ ಜಕ್ಕವ್ವೆ ಬಂದಳು. ಕೊರಳಲ್ಲಿ ಹಗ್ಗ ಇರಲಿಲ್ಲ, ಹಗ್ಗದ ಗಾಯ ಇತ್ತು. ಕಲ್ಲು ತೊಳೆಯಲು ಇಟ್ಟಿದ್ದ ಕೊಡದಿಂದ ಬೊಗಸೆಯಲ್ಲಿ ನೀರು ತುಂಬಿಕೊಂಡು ಅವನ ಪಕ್ಕದಲ್ಲಿ ಕುಳಿತಳು.

“ನಿನ್ನನ್ನ ನಾನು ಕ್ಷಮಿಸಿಲ್ಲ,” ಎಂದಳು. “ನೀರು ಕೇಳಿದವರನ್ನ ದಾಟಿ ಹೋಗೋದು ನಮ್ಮೂರಲ್ಲಿ ಗೊತ್ತಿಲ್ಲ. ಕುಡಿ.”

ಅವನು ಕುಡಿದ. ಅವಳು ಎದ್ದು ಪಕ್ಕಕ್ಕೆ ಸರಿದ ಮೇಲೆ ಕತ್ತಿ ಇಳಿಯಿತು. ನಾಕಿಮಯ್ಯನದೂ ಅಲ್ಲೇ ಮುಗಿಯಿತು. ಅವನು ತುಂಬ ಕೂಗಾಡಿದನಂತೆ, ಏನೆಂದು ಯಾರೂ ನೆನಪಿಟ್ಟುಕೊಳ್ಳಲಿಲ್ಲ.

ಹೆಬ್ಬಾಗಿಲ ಮೇಲಿನ ತಲೆಗಳನ್ನು ಕಂದರಸ ಬರಿದಲೆಯಲ್ಲಿ ನಿಂತು ತನ್ನ ಕೈಯಿಂದಲೇ ಇಳಿಸಿದ, ಅಗಳಿಯವರು ಅವನ್ನು ಹೊತ್ತು ಊರಿಗೆ ಹೋದರು. ಸಾತಯ್ಯನಿಗೆ ವೀರಗಲ್ಲು ನಿಲ್ಲಲಿಲ್ಲ, ಅವನು ಬೇಡವೆಂದಿದ್ದನಲ್ಲ. ಬಯಲಿನ ಕೊನೆಯಲ್ಲಿ ಒಂದಕ್ಷರವೂ ಇಲ್ಲದ ಆ ನುಣುಪುಗಲ್ಲು ಮಾತ್ರ ಬಹುಕಾಲ ಇತ್ತು. ಹೊಸದಾಗಿ ಪಟ್ಟ ಕಟ್ಟಿಸಿಕೊಂಡ ದಂಡನಾಯಕರು ಕತ್ತಿ ತೆಗೆದುಕೊಳ್ಳುವ ಮೊದಲು ಅದರ ಮೇಲೆ ಅಂಗೈ ಇಟ್ಟು ಹೋಗುತ್ತಿದ್ದರು.

ಜಕ್ಕವ್ವೆ ತನ್ನ ಮನೆಯ ಹೊಸ್ತಿಲ ಪಕ್ಕದಲ್ಲಿ ಒಂದು ಅರವಟಿಗೆ ಕಟ್ಟಿಸಿ, ಘಟ್ಟ ಹತ್ತಿ ಬರುವವರಿಗೆಲ್ಲ, ಸೈನಿಕರಿಗೂ ಸೇರಿದಂತೆ, ನೀರು ಕೊಡುತ್ತಿದ್ದಳು. ಅದಕ್ಕೆ ಅವಳು ಇಟ್ಟದ್ದು ಗಂಡನ ಹೆಸರು.